ಡೀಪ್ ಪರ್ಪಲ್ ನೋಡಲು ಹೋಗುವ ಡ್ರಮ್ಮರ್‌ಗಳಿಗೆ

ಟಿಕೆಟ್ ಕೊಳ್ಳುವ ಮುನ್ನ ಆಸನದ ನಕ್ಷೆ ನೋಡಿ, ವೇದಿಕೆಯ ಕಡೆ ಮುಖ ಮಾಡಿದಾಗ ನಿಮ್ಮ ಎಡಕ್ಕೆ ಬರುವ ಬದಿಯನ್ನು ಆರಿಸಿಕೊಳ್ಳಿ. 1968ರಲ್ಲಿ ಈ ಬ್ರಿಟಿಷ್ ರಾಕ್ ತಂಡ ಹುಟ್ಟಿದಾಗಿನಿಂದ ಡ್ರಮ್ಸ್ ನುಡಿಸುತ್ತಿರುವ ಇಯಾನ್ ಪೇಸ್ ಎಡಗೈಯವರು. ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಅವರ ಬಲಗಡೆ, ಅಂದರೆ ನಮ್ಮ ಎಡಕ್ಕೆ, ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್) ಅವರ ಎಡಗಡೆ ಇರುತ್ತವೆ. ಬಾಸ್ ಡ್ರಮ್ಮಿನ ಪೆಡಲ್ ಕೂಡ ಎಡಗಾಲಿಗೆ. ಬಲಗೈ ಡ್ರಮ್ಮರ್ ಆದರೆ ಹೈ-ಹ್ಯಾಟ್ ನಮ್ಮ ಬಲಕ್ಕೆ ಕಾಣುತ್ತದೆ, ಇಲ್ಲಿ ಎಲ್ಲವೂ ಕನ್ನಡಿಯಲ್ಲಿ ನೋಡಿದಂತೆ ತಿರುಗಿರುತ್ತದೆ. ಹೈ-ಹ್ಯಾಟ್ ಬದಿಯಿಂದ ನೋಡಿದರೆ ದೊಡ್ಡ ಟಾಮ್‌ಗಳು ಅಡ್ಡ ಬರದೆ ಸ್ನೇರ್ (ಡ್ರಮ್ಮರ್ ಮುಂದೆಯೇ ಇರುವ ಚಿಕ್ಕ ಡ್ರಮ್) ಮೇಲಿನ ಕೈಗಳು ಕಾಣಸಿಗುತ್ತವೆ.

ವೇದಿಕೆಯ ಬುಡಕ್ಕೆ ಹೋಗಬೇಡಿ. ಅಲ್ಲಿಂದ ಸಿಂಬಲ್ ಸ್ಟ್ಯಾಂಡುಗಳಷ್ಟೇ ಕಾಣುತ್ತವೆ. ಸ್ವಲ್ಪ ಎತ್ತರದ ಸಾಲು ಮೇಲು.

ದೊಡ್ಡ ಹೊಡೆತಗಳಿಗಿಂತ ಅವುಗಳ ನಡುವೆ ಸ್ನೇರ್ ಮೇಲೆ ಬೀಳುವ ಮೆಲುಪೆಟ್ಟುಗಳನ್ನು ಗಮನಿಸಿ. ಪೇಸ್ ಅವರ ತಾಳ ಜಾಝ್‌ನಂತೆ ತೂಗುವುದು ಅಲ್ಲಿಂದಲೇ. 1948ರಲ್ಲಿ ಹುಟ್ಟಿದವರ ಮಣಿಕಟ್ಟು ಇನ್ನೂ ಅಷ್ಟು ಸಡಿಲವಾಗಿದೆ ಎಂಬುದು ನನಗೆ ಇಂದಿಗೂ ವಿಸ್ಮಯ! ಒಂದು ಹಾಡಿನುದ್ದಕ್ಕೂ ಪೆಡಲ್ ಕಾಲನ್ನು ಮಾತ್ರ ನೋಡಿ, ಮುಂದಿನದರಲ್ಲಿ ಬಾಸ್ ಗಿಟಾರಿನ ಜೊತೆ ಅದು ಹೇಗೆ ಕೂಡುತ್ತದೆಂದು ಕೇಳಿ.

ಇಯರ್ ಪ್ಲಗ್ ಮರೆಯಬೇಡಿ, ಸಂಗೀತಗಾರರಿಗೆಂದೇ ಮಾಡಿದ್ದನ್ನೇ ಕೊಳ್ಳಿ. ಫೋಮ್‌ನದು ಸಿಂಬಲ್ಲಿನ ಹೊಳಪನ್ನೆಲ್ಲ ನುಂಗಿಬಿಡುತ್ತದೆ.