ಫೈಬರ್ ತುಂಡಾದಾಗ ಮಲ್ಟಿಕಾಸ್ಟ್ ಮಾತ್ರ ನಿಲ್ಲುತ್ತಿತ್ತು: ನನ್ನ ಅನುಭವ

ತೀರ್ಥಹಳ್ಳಿ ಶಾಖೆಯಲ್ಲಿ ಎರಡು ಸಿಸ್ಕೋ ರೌಟರ್‌ಗಳಿವೆ. ಒಂದಕ್ಕೆ ಫೈಬರ್, ಇನ್ನೊಂದಕ್ಕೆ 4ಜಿ ಮೇಲೆ ಜಿಆರ್‌ಇ ಟನೆಲ್ (ಇನ್ನೊಂದು ಜಾಲದೊಳಗೆ ಹಾಕಿದ ವರ್ಚುವಲ್ ಲಿಂಕ್). ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಹೋದಾಗ ಎಚ್‌ಎಸ್‌ಆರ್‌ಪಿ (ಎರಡು ರೌಟರ್‌ಗಳಲ್ಲಿ ಯಾವುದು ಗೇಟ್‌ವೇ ಎಂದು ತೀರ್ಮಾನಿಸುವ ಪ್ರೋಟೋಕಾಲ್) ಎರಡನೆಯದಕ್ಕೆ ಹೋಗುತ್ತಿತ್ತು, ಪಿಂಗ್, ಮೇಲ್ ಎಲ್ಲ ಸರಿ. ಆದರೆ ಶಿವಮೊಗ್ಗದಿಂದ ಬರುವ ಮಲ್ಟಿಕಾಸ್ಟ್ (ಒಂದೇ ಸ್ಟ್ರೀಮ್ ಕೇಳಿದವರಿಗೆಲ್ಲ ಹೋಗುವ) ವಿಡಿಯೋ ಮಾತ್ರ ನಿಂತುಬಿಡುತ್ತಿತ್ತು.

ಎಚ್‌ಎಸ್‌ಆರ್‌ಪಿ ಟೈಮರ್ ಇಳಿಸಿದೆ. ಐಜಿಎಂಪಿ ಕ್ವೆರಿ (ಲ್ಯಾನ್‌ನಲ್ಲಿ ಯಾರಿಗೆ ಮಲ್ಟಿಕಾಸ್ಟ್ ಬೇಕು ಎಂಬ ವಿಚಾರಣೆ) ಬೇಗ ಕಳಿಸಿದೆ. ಎಮ್‌ರೌಟ್ ಟೇಬಲ್ (ಮಲ್ಟಿಕಾಸ್ಟ್ ದಾರಿಗಳ ಪಟ್ಟಿ) ಅಳಿಸಿದೆ. ಯಾವುದೂ ಆಗಲಿಲ್ಲ. ಎರಡನೆಯ ರೌಟರ್‌ಗೆ ಡಿಆರ್ (ಲ್ಯಾನ್ ಪರವಾಗಿ ಮಲ್ಟಿಕಾಸ್ಟ್ ಕೇಳುವ ರೌಟರ್) ಪ್ರಿಯಾರಿಟಿ ಜಾಸ್ತಿ ಕೊಟ್ಟರೆ ವಿಡಿಯೋ ಬಂತು, ಆದರೆ ಫೈಬರ್ ಇದ್ದಾಗಲೂ 4ಜಿಯಲ್ಲೇ ಬಂತು.

ಮೂಲ ಇಲ್ಲಿತ್ತು: ಪಿಮ್‌ನ (ಮಲ್ಟಿಕಾಸ್ಟ್ ರೌಟಿಂಗ್ ಪ್ರೋಟೋಕಾಲ್) ಡಿಆರ್ ಯಾರು ಅನ್ನೋದಕ್ಕೂ ಎಚ್‌ಎಸ್‌ಆರ್‌ಪಿಗೂ ಸಂಬಂಧವೇ ಇಲ್ಲ. ಫೈಬರ್ ಹೋದರೂ ಮೊದಲ ರೌಟರೇ ಡಿಆರ್. ಅದಕ್ಕೆ ಆರ್‌ಪಿ (ಮಲ್ಟಿಕಾಸ್ಟ್ ಕಳಿಸುವವರೂ ಕೇಳುವವರೂ ಸೇರುವ ರೌಟರ್) ಕಡೆಯ ದಾರಿ ಈಗ ಅದೇ ಲ್ಯಾನ್ ಮೂಲಕ. ಒಳಬರುವ ಇಂಟರ್‌ಫೇಸೇ ಹೊರಹೋಗುವ ಇಂಟರ್‌ಫೇಸ್ ಆಗುವಂತಿಲ್ಲ, ಅಲ್ವಾ? ಹಾಗಾಗಿ ಜಾಯಿನ್ (ಸ್ಟ್ರೀಮ್ ಕಳಿಸಿ ಎಂಬ ಕೋರಿಕೆ) ಹೋಗುವುದೇ ಇಲ್ಲ.

ಪರಿಹಾರ: ಎಚ್‌ಎಸ್‌ಆರ್‌ಪಿಯಲ್ಲಿ ಯಾರು ಮುಂದಿದ್ದಾರೋ ಅವರೇ ಡಿಆರ್ ಆಗುವಂತೆ ಮಾಡುವುದು. ಎರಡೂ ರೌಟರ್‌ಗಳ ಲ್ಯಾನ್ ಇಂಟರ್‌ಫೇಸ್‌ನಲ್ಲಿ, ಇದೇ ಕ್ರಮದಲ್ಲಿ: ಮೊದಲು ‘ಸ್ಟ್ಯಾಂಡ್‌ಬೈ 1 ನೇಮ್ ಶಾಖೆ’, ಹೆಸರಿಲ್ಲದೆ ಮುಂದಿನದು ನಡೆಯದು. ಆಮೇಲೆ ‘ಐಪಿ ಪಿಮ್ ರಿಡಂಡೆನ್ಸಿ ಶಾಖೆ ಎಚ್‌ಎಸ್‌ಆರ್‌ಪಿ ಡಿಆರ್-ಪ್ರಿಯಾರಿಟಿ 150’. ಮಾಮೂಲಿ ಡಿಆರ್ ಪ್ರಿಯಾರಿಟಿ 1ರಲ್ಲೇ ಇರಲಿ. ಎಚ್‌ಎಸ್‌ಆರ್‌ಪಿ ಪ್ರಿಯಾರಿಟಿ 110 ಮತ್ತು 100, ಎರಡರಲ್ಲೂ ಪ್ರಿಎಂಪ್ಟ್ (ಪ್ರಿಯಾರಿಟಿ ಹೆಚ್ಚಿದ್ದರೆ ಜಾಗ ಕಿತ್ತುಕೊಳ್ಳುವುದು), ಮೊದಲನೆಯದರಲ್ಲಿ ಟ್ರ್ಯಾಕ್ ಡಿಕ್ರಿಮೆಂಟ್ 20 (ಫೈಬರ್ ಹೋದರೆ ಪ್ರಿಯಾರಿಟಿಯಿಂದ 20 ಕಳೆಯುವುದು).

ಟ್ರ್ಯಾಕ್‌ಗೆ ಲೈನ್ ಪ್ರೋಟೋಕಾಲ್ (ಪೋರ್ಟ್ ಅಪ್ ಇದೆಯೇ ಎಂಬುದು) ಸಾಲದು; ಫೈಬರ್ ದೂರದಲ್ಲಿ ತುಂಡಾದರೂ ಪೋರ್ಟ್ ಅಪ್ ಇರುತ್ತದೆ. ಐಪಿ ಎಸ್‌ಎಲ್‌ಎಯಿಂದ (ರೌಟರ್ ತಾನೇ ಆಗಾಗ ಪರೀಕ್ಷೆ ಮಾಡುವ ಸೌಲಭ್ಯ) ಫೈಬರ್‌ನ ಆ ತುದಿಯ ವಿಳಾಸಕ್ಕೆ 5 ಸೆಕೆಂಡಿಗೊಮ್ಮೆ ಪಿಂಗ್ ಇಡಿ, ಸೋರ್ಸ್ ವ್ಯಾನ್ ಇಂಟರ್‌ಫೇಸ್. ಆರ್‌ಪಿಗೇ ಪಿಂಗ್ ಇಟ್ಟರೆ ಅದು 4ಜಿ ಸುತ್ತಿ ತಲುಪಿ, ಎಲ್ಲ ಸರಿ ಎಂದೇ ತೋರಿಸಬಹುದು.

ಈಗ ಫೈಬರ್ ಕಿತ್ತು ‘ಶೋ ಐಪಿ ಪಿಮ್ ಇಂಟರ್‌ಫೇಸ್’ ನೋಡಿ. ಡಿಆರ್ ವಿಳಾಸ ಎರಡನೆಯ ರೌಟರ್‌ದಾಗಿರಬೇಕು.