ಬೋರ್ಡಿನ ಹಾವು, ಮೈದಾನದ ಹಲಗೆ

ಒಂಬತ್ತನೇ ತರಗತಿಗೆ ಶಬ್ದದ ಪಾಠ ಮಾಡುವಾಗ ನಾನು ಹಲವು ವರ್ಷ ಒಂದೇ ತಪ್ಪು ಮಾಡಿದ್ದೇನೆ. ಬೋರ್ಡಿನ ಮೇಲೆ ಏರಿಳಿಯುವ ಗೆರೆ ಎಳೆದು, "ಇದೇ ಶಬ್ದದ ಅಲೆ" ಅಂದುಬಿಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ, "ಸಾರ್, ಹಂಗಾದ್ರೆ ಶಬ್ದ ಹಾವಿನ ಥರ ಹರಿದು ಬರುತ್ತಾ?"

ತಪ್ಪು ಅವನದಲ್ಲ. ಆ ಗೆರೆ ಶಬ್ದ ಬರುವ ದಾರಿಯಲ್ಲ. ಗಾಳಿಯ ಒತ್ತಡ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ತೋರಿಸುವ ನಕ್ಷೆ ಅಷ್ಟೆ. ಅದನ್ನು ನಾನು ಹೇಳಿರಲೇ ಇಲ್ಲ.

ಮರುದಿನ ಹದಿನೈದು ಮಕ್ಕಳನ್ನು ಗಾಳಿಯ ಕಣಗಳ ಥರ ಸಾಲಾಗಿ ನಿಲ್ಲಿಸಿದೆ. ಮುಂದಿನವರ ಹೆಗಲ ಮೇಲೆ ಹಿಂದಿನವರ ಕೈ. ಕೊನೆಯವನನ್ನು ಮೆಲ್ಲಗೆ ನೂಕಿದೆ. ನೂಕು ಸಾಲಿನ ತುದಿ ಮುಟ್ಟಿತು. ಯಾರೂ ನಿಂತ ಜಾಗ ಬಿಡಲಿಲ್ಲ, ಸ್ವಲ್ಪ ಮುಂದೆ ವಾಲಿ ವಾಪಸ್ ಬಂದರು. ಒತ್ತಿಕೊಂಡ ಕಡೆ ಸಂಪೀಡನ, ಸಡಿಲಾದ ಕಡೆ ವಿರಳನ. ಆಮೇಲೆ ನಡುವಿನ ಮೂವರನ್ನು ಆಚೆ ಕರೆದೆ. ನೂಕು ಅಲ್ಲಿಗೇ ನಿಂತಿತು. ಶಬ್ದ ಸಾಗೋಕೆ ಗಾಳಿಯಂಥ ಮಾಧ್ಯಮ ಬೇಕು ಅನ್ನೋದಕ್ಕೆ ಲ್ಯಾಬಿನಲ್ಲಿ ಕೆಟ್ಟು ಕೂತಿರುವ ನಿರ್ವಾತ ಪಂಪು ಬೇಕಾಗಲಿಲ್ಲ.

ಶಬ್ದದ ವೇಗ ಅಳೆಯೋಕೆ ಮೈದಾನಕ್ಕೆ ಹೋದೆವು. ಶಾಲೆಯ ದೊಡ್ಡ ಗೋಡೆಯಿಂದ ಟೇಪ್ ಹಿಡಿದು 85 ಮೀಟರ್. ಎರಡು ಮರದ ಹಲಗೆ ತೆಗೆದುಕೊಂಡು 'ಟಪ್' ಅಂತ ಬಡಿಯಬೇಕು, ಪ್ರತಿಧ್ವನಿ ಬರುವ ಕ್ಷಣಕ್ಕೇ ಮತ್ತೆ ಬಡಿಯಬೇಕು. ಲಯ ಸರಿಯಾಗಿ ಕೂತರೆ ಪ್ರತಿಧ್ವನಿ ಬಡಿತದೊಳಗೇ ಮುಚ್ಚಿಹೋಗುತ್ತದೆ, ಬೇರೆಯಾಗಿ ಕೇಳಿಸುವುದಿಲ್ಲ. ನ್ಯೂಟನ್ ಕೂಡ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಉದ್ದ ಮೊಗಸಾಲೆಯಲ್ಲಿ ಹೀಗೇ ಪ್ರತಿಧ್ವನಿಯನ್ನು ಲೋಲಕಕ್ಕೆ ಹೊಂದಿಸಿ ನೋಡಿದವನು. ನಮ್ಮ ಕೈಯಲ್ಲಿ ಮೊಬೈಲ್ ಇತ್ತು, ಆದರೂ ಲಯ ಹಿಡಿಯೋಕೆ ಅರ್ಧ ಪೀರಿಯಡ್ ಹೋಯಿತು.

ಇಪ್ಪತ್ತು ಬಡಿತಕ್ಕೆ 9.3 ಸೆಕೆಂಡು. ಒಂದೊಂದಕ್ಕೂ ಶಬ್ದ ಗೋಡೆಗೆ ಹೋಗಿ ಬರುವ ದೂರ 170 ಮೀಟರ್. ಲೆಕ್ಕ ಹಾಕಿದರೆ ಸೆಕೆಂಡಿಗೆ 366 ಮೀಟರ್! ಅವತ್ತಿನ 28 ಡಿಗ್ರಿ ಬಿಸಿಲಿಗೆ 348ರ ಆಸುಪಾಸು ಬರಬೇಕಿತ್ತು. ನಾನು ಟೇಪನ್ನೇ ಬೈಯುತ್ತಾ ನಿಂತೆ.

ಮೃದಂಗ ಕಲಿಯುವ ಹುಡುಗಿಯೊಬ್ಬಳು ಸುಮ್ನೆ ನೋಡುತ್ತಿದ್ದಳು. "ಸಾರ್, ನೀವು 'ಒಂದು' ಅಂದಾಗ ಮೊಬೈಲ್ ಒತ್ತಿದ್ರಿ ಅಲ್ವಾ? ಇಪ್ಪತ್ತು ಪೆಟ್ಟಿನ ಮಧ್ಯೆ ಹತ್ತೊಂಬತ್ತೇ ಬಿಡುವು."

ಹತ್ತೊಂಬತ್ತು ಸಲ 170 ಅಂದರೆ 3230. ಅದನ್ನು 9.3ರಿಂದ ಅವಳೇ ಮಣ್ಣಿನ ಮೇಲೆ ಕಡ್ಡಿಯಲ್ಲಿ ಭಾಗಿಸಿದಳು. 347. ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇದೆ, ಬೆರಳು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿದ್ದರೂ ನಾಲ್ಕು ಮೀಟರ್ ಆಚೀಚೆ ಆಗುತ್ತಿತ್ತು. ಅದನ್ನು ಮಾತ್ರ ಅವತ್ತು ಮಕ್ಕಳಿಗೆ ಹೇಳಲಿಲ್ಲ.