ಮಿಡಿ ಉಪ್ಪಿನಕಾಯಿ ಸೈಟ್ ಗೂಗಲ್ ಮೊದಲ ಪುಟಕ್ಕೆ ಬಂತು: ನನ್ನ ಅನುಭವ

"ಸಾಗರದಲ್ಲಿ ಕೂತು ಎಸ್‌ಇಒ ಮಾಡಿ ಉಪ್ಪಿನಕಾಯಿ ಮಾರ್ತೀಯಾ?" ಅಂತ ನಕ್ಕಿದ್ದ ಭಾವ ಹೋದ ತಿಂಗಳು ಫೋನ್ ಮಾಡಿ, ತಮ್ಮ ಹೋಂಸ್ಟೇ ಸೈಟನ್ನೂ ಸ್ವಲ್ಪ ನೋಡು ಅಂದರು. ಹಾಗಾಗಿ ಬರೆಯುವ ಧೈರ್ಯ ಬಂತು. ಎಸ್‌ಇಒ ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ನಮ್ಮ ಸೈಟ್ ಮೇಲೆ ಕಾಣುವಂತೆ ಮಾಡುವ ಕೆಲಸ.

ಮೊದಲ ವರ್ಷ ಮಾಡಿದ್ದೆಲ್ಲ ದಂಡ. ಒಂದು ಏಜೆನ್ಸಿಗೆ ತಿಂಗಳಿಗೆ 12,000ದಂತೆ ಐದು ತಿಂಗಳು ಸುರಿದೆ. ಮುನ್ನೂರು ಚಿಲ್ಲರೆ ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಬರುವ ಕೊಂಡಿ) ತೋರಿಸಿದರು, ತೆರೆದು ನೋಡಿದರೆ ಅರ್ಧಕ್ಕರ್ಧ ಲಾಟರಿ, ಇಸ್ಪೀಟ್ ಸೈಟುಗಳು. ಮಿಡಿಗೂ ಇಸ್ಪೀಟಿಗೂ ಏನು ಸಂಬಂಧ ಮಾರಾಯ್ರೆ? ಬಂದ ಆರ್ಡರ್ ಒಂಬತ್ತೋ ಹತ್ತೋ. ಆ ಲಿಂಕುಗಳನ್ನು ಡಿಸವೋ ಮಾಡದಿದ್ದರೆ, ಅಂದರೆ ಇವನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಗೂಗಲ್‌ಗೆ ತಿಳಿಸದಿದ್ದರೆ, ಸೈಟೇ ಮುಳುಗುತ್ತದೆ ಅಂತ ಕೆಲವರು ಹೆದರಿಸಿದರು. ನಾನು ಮುಟ್ಟಲೇ ಇಲ್ಲ, ಏನೂ ಆಗಲಿಲ್ಲ.

ಇನ್ನೊಂದು ತಪ್ಪು ನನ್ನದೇ. ಕನ್ನಡ ಪುಟಗಳಿಗೆ ಹಳೇ ಡಿಟಿಪಿ ಫೈಲಿನಿಂದ ಕಾಪಿ ಮಾಡಿದ್ದೆ. ಅದು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರೂ ಕನ್ನಡ ಅಂತಲೇ ಗುರುತಿಸುವ ಅಕ್ಷರ ಅಲ್ಲ. ಸೈಟಿಗೂ ಅದೇ ಫಾಂಟ್ ಹಾಕಿದ್ದರಿಂದ ನಮ್ಮ ಕಣ್ಣಿಗೆ ಚೆಂದದ ಕನ್ನಡ, ಗೂಗಲ್‌ಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇದು ಗೊತ್ತಾಗಲು ಎಂಟು ತಿಂಗಳು ಬೇಕಾಯಿತು, ನಾಚಿಕೆ ಆಗುತ್ತದೆ.

ಆಮೇಲೆ ಸರ್ಚ್ ಕನ್ಸೋಲ್ ಹಿಡಿದು ಕೂತೆ. ಜನ ಏನು ಹುಡುಕಿದಾಗ ನಮ್ಮ ಸೈಟ್ ಕಾಣುತ್ತದೆ ಅಂತ ತೋರಿಸುವ ಗೂಗಲ್‌ನದೇ ಉಪಕರಣ ಅದು. ಇಂಪ್ರೆಷನ್ (ಹುಡುಕಾಟದಲ್ಲಿ ಕಾಣಿಸಿಕೊಂಡ ಸಲ) ಜಾಸ್ತಿ, ಕ್ಲಿಕ್ ಕಡಿಮೆ, ಪೊಸಿಷನ್ (ಪಟ್ಟಿಯಲ್ಲಿ ನಮ್ಮ ಜಾಗ) ಎಂಟರಿಂದ ಇಪ್ಪತ್ತು, ಜನ ಹುಡುಕುವ ಅಂಥ ಮಾತುಗಳನ್ನು ಮಾತ್ರ ಆರಿಸಿದೆ. ಜನ ಜೀರಿಗೆ ಮಿಡಿ, ಅನಂತಭಟ್ಟನ ಅಪ್ಪೆ ಅಂತ ಮಾವಿನ ತಳಿಯ ಹೆಸರು ಹಿಡಿದೇ ಹುಡುಕುತ್ತಾರೆ. ಉಪ್ಪಿನಕಾಯಿ ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ವೈ ಹಾಕಿ, ಇನ್ನೊಬ್ಬರು ವೈ ಬಿಟ್ಟು, ನಾನು ಲೆಕ್ಕ ಹಾಕಿದಾಗ ಹನ್ನೊಂದು ತರ ಬರೆದಿದ್ದರು. ಒಂದೊಂದಕ್ಕೂ ಒಂದೊಂದು ಪುಟ ಮಾಡಿ ನೋಡಿದೆ. ಅವು ತಮ್ಮತಮ್ಮಲ್ಲೇ ಕಚ್ಚಾಡಿ ಎಲ್ಲವೂ ಕೆಳಗಿಳಿದವು. ಎಲ್ಲಾ ಒಂದೇ ಪುಟಕ್ಕೆ ಸೇರಿಸಿ 301 (ಹಳೇ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳಿಸುವ ಏರ್ಪಾಡು) ಹಾಕಿದ ಮೇಲೆ ಸರಿಹೋಯಿತು.

ನಿಜವಾಗಿ ಕೈ ಹಿಡಿದದ್ದು "ಮಿಡಿ ಮೆತ್ತಗಾಗುವುದು ಯಾಕೆ" ಅನ್ನೋ ಪುಟ. ಫೋನಿನಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ. ಅಮ್ಮನನ್ನು ಕೂರಿಸಿಕೊಂಡು ಅವಳು ಹೇಳಿದ್ದನ್ನು ಹಾಗೇ ಬರೆದೆ: ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದದ್ದು ಬೇಡ, ಸೊನೆ ಹೋಗಬಾರದು, ಉಪ್ಪಿಗೆ ಜಿಪುಣತನ ಮಾಡಬಾರದು. ತೊಟ್ಟು ಮುರಿದಲ್ಲಿ ಸೊನೆ ಹನಿಯುವ ಫೋಟೊ ನಾನೇ ತೆಗೆದದ್ದು. ಮಿಡಿ ಬರುವ ಹೊತ್ತಿಗೆ ಬರೆದರೆ ತಡವಾಯಿತು, ನವೆಂಬರಿನಲ್ಲೇ ಹಾಕಿದ್ದೆ. ಆ ಪುಟದಿಂದ ಜಾಡಿ ಮಾರುವ ಪುಟಕ್ಕೆ ಹೇಗೆ ದಾರಿ ಮಾಡಿದೆ ಅನ್ನೋದನ್ನು ಹೇಳಲ್ಲ, ಹೊಟ್ಟೆಪಾಡು!

ತಿಂಗಳಿಗೆ ಇನ್ನೂರು ಇದ್ದ ಕ್ಲಿಕ್ ಈ ಸೀಸನ್‌ನಲ್ಲಿ ಆರೂವರೆ, ಏಳು ಸಾವಿರದ ಹತ್ತಿರ ಬಂತು, ಆರ್ಡರ್ ತಿಂಗಳಿಗೆ ನೂರಮೂವತ್ತರಷ್ಟು. ಖರ್ಚು ಡೊಮೇನ್, ಹೋಸ್ಟಿಂಗ್ ಸೇರಿ ವರ್ಷಕ್ಕೆ ಐದು ಸಾವಿರ. ಮಧ್ಯೆ ಸುಮ್ನೆ ಮೂರು ಎಂಬಿಯ ಫೋಟೊಗಳನ್ನೆಲ್ಲ ವೆಬ್‌ಪಿ (ಕಡಿಮೆ ತೂಕದ ಚಿತ್ರದ ಫಾರ್ಮ್ಯಾಟ್) ಮಾಡಿ 150 ಕೆಬಿಗೆ ಇಳಿಸಿದ್ದೆ. ಸ್ಪೀಡ್ ಸ್ಕೋರ್ ನೂರಕ್ಕೆ ತೊಂಬತ್ತು ದಾಟಿತು, ರ್‍ಯಾಂಕ್ ಕದಲಲಿಲ್ಲ. ಆದರೆ ಮೊಬೈಲಿನವರು ಅರ್ಧಕ್ಕೇ ಓಡಿಹೋಗುವುದು ನಿಂತಿತು.

ಭಾವನ ಸೈಟ್ ತೆರೆದು ನೋಡಿದೆ. ರೂಮಿನ ರೇಟು, ಊಟದ ವಿವರ, ಬರುವ ದಾರಿ, ಫೋನ್ ನಂಬರ್, ಎಲ್ಲಾ ಒಂದೇ ಜೆಪಿಜಿ ಫೋಟೊದಲ್ಲಿದೆ. ಗೂಗಲ್‌ಗೆ ಓದಲು ಸಿಗುವಂತೆ ಮೊದಲು ಅದನ್ನು ಟೈಪ್ ಮಾಡಿ ಹಾಕಿ ಭಾವ ಅಂದಿದ್ದೇನೆ. ಇನ್ನೂ ಹಾಕಿಲ್ಲ.